ಮಾದಳದ ತುದಿಮೊಗ್ಗು

ನನ್ನ ಗಾಡಿಯಲ್ಲಿ ಬಂದ ಮಾದಳದ ಹಣ್ಣಿನ ಪರಿಮಳಕ್ಕೆ ವೆರ್ಬೊವ್ಕಾದ ಸ್ಮಶಾನದಲ್ಲಿ ಮೂವರು ಸತ್ತವರು ಎದ್ದು ಕೂತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲನೆಯವನು ಮೈಮೇಲಿನ ಮಣ್ಣು ಕೊಡವಿಕೊಂಡು, ಹಣ್ಣಿಗೆ ಒಳ್ಳೆಯ ಕಂಪಿತ್ತ ದೇವರಿಗೆ ಸ್ತೋತ್ರ ಎಂದು ಹೇಳಬೇಕಾದ್ದನ್ನು ಹೇಳಿದ. ಎರಡನೆಯವನು ಆಮೆನ್ ಎಂದ. ಮೂರನೆಯವನು ಬದುಕಿದ್ದಾಗಲೂ ಜಗಳಗಂಟ. ಹಣ್ಣು ಹೋದ ವರ್ಷದ್ದಕ್ಕಿಂತ ಸಣ್ಣದು ಎಂದು ಗೊಣಗಿದ. ಆಮೇಲೆ ಮೂವರೂ ಮಣ್ಣು ಹೊದ್ದು ಮಲಗಿದರು. ನನ್ನ ಕುದುರೆಗಳು ಬೆದರಲಿಲ್ಲ. ಆರಕ್ಕೆ ಆರೂ ಇಂಥದ್ದನ್ನು ಬಹಳ ನೋಡಿದ್ದವು.

ಆರು ಕುದುರೆ ಎಂದದ್ದಕ್ಕೆ ನನ್ನ ಹೆಂಡತಿ ಬ್ರೈನಾ ತಕರಾರು ಎತ್ತಬಹುದು. ಅವಳ ಪ್ರಕಾರ ನಮ್ಮಲ್ಲಿರುವುದು ಒಂದೇ ಕುದುರೆ, ಅದಕ್ಕೂ ಒಂದು ಕಣ್ಣು ಮಂಜು. ಹೆಂಗಸರು ಎಣಿಸುವುದೇ ಹಾಗೆ, ಲಾಯದಲ್ಲಿ ಕಾಣುವುದನ್ನು ಮಾತ್ರ.

ನಾನು ಗೆಟ್ಸೆಲ್, ವೆರ್ಬೊವ್ಕಾದ ಗಾಡಿಯವನು. ರೈಲು ನಿಲ್ದಾಣಕ್ಕೂ ನಮ್ಮೂರಿಗೂ ನಡುವೆ ಅರ್ಧ ದಿನದ ದಾರಿ. ಉಳಿದವರಿಗೆ ಅರ್ಧ ದಿನ. ನನಗೆ ಒಂದು ಪೈಪು ಹೊಗೆಸೊಪ್ಪು ಸೇದಿ ಮುಗಿಸುವಷ್ಟು ಹೊತ್ತು. ಉಪ್ಪು, ಸೀಮೆಎಣ್ಣೆ, ಹೆರಿಂಗ್ ಮೀನಿನ ಪೀಪಾಯಿ, ಮದುಮಗಳು, ಹೊಸ ಅಧಿಕಾರಿ, ಊರಿಗೆ ಬಂದದ್ದೆಲ್ಲ ನನ್ನ ಗಾಡಿಯಲ್ಲೇ ಬಂದದ್ದು. ಒಮ್ಮೆ ಚಳಿಗಾಲವೇ ತಡವಾಗಿತ್ತು, ಅದನ್ನೂ ನಾನೇ ನಿಲ್ದಾಣದಿಂದ ಹೇರಿಕೊಂಡು ಬಂದೆ. ಆದರೆ ಇವೆಲ್ಲ ಒಂದು ತೂಕವಾದರೆ ನಮ್ಮ ಯೆಹೂದಿಗಳ ಚಪ್ಪರದ ಹಬ್ಬದ ಮುಂಚೆ ಬರುವ ಆ ಚಿಕ್ಕ ಮರದ ಪೆಟ್ಟಿಗೆ ಇನ್ನೊಂದು ತೂಕ.

ನಮ್ಮ ಕಡೆ ಗೋಧಿ ಬೆಳೆಯುತ್ತದೆ, ಬೀಟ್‌ರೂಟ್ ಬೆಳೆಯುತ್ತದೆ, ಕೆಸರು ಧಾರಾಳವಾಗಿ ಬೆಳೆಯುತ್ತದೆ. ಮಾದಳ ಬೆಳೆಯುವುದಿಲ್ಲ. ಅದು ಕೊರ್ಫು ದ್ವೀಪದಿಂದ ಹಡಗು ಹತ್ತಿ ಒಡೆಸ್ಸಾಕ್ಕೆ ಬಂದು, ಅಲ್ಲಿಂದ ರೈಲು ಹತ್ತಿ, ಅಗಸೆ ನಾರಿನ ಹಾಸಿಗೆಯಲ್ಲಿ ಮಲಗಿಕೊಂಡು ನನ್ನ ತನಕ ಬರುತ್ತದೆ. ನೂರಿಪ್ಪತ್ತು ಮನೆಗೆ ಒಂದೇ ಹಣ್ಣು. ಹಬ್ಬದ ಮೊದಲ ಬೆಳಿಗ್ಗೆ ಗಂಡಸರು ಪ್ರಾರ್ಥನಾಮಂದಿರದಲ್ಲಿ ಒಬ್ಬರಾದ ಮೇಲೆ ಒಬ್ಬರು ಅದನ್ನು ಹಿಡಿಯುತ್ತಾರೆ. ಆಮೇಲೆ ಮಂದಿರದ ಸೇವಕ ಯೋನ ಮನೆಮನೆಗೆ ಒಯ್ದು ಹೆಂಗಸರ ಕೈಗೆ ಕೊಡುತ್ತಾನೆ. ಬಲಗೈಯಲ್ಲಿ ಕಟ್ಟು: ನಡುವೆ ಖರ್ಜೂರದ ಮುಚ್ಚಿದ ಸುಳಿಗರಿ, ಅದರ ಬಲಕ್ಕೆ ಘಮಘಮಿಸುವ ಹದಸ್ ಗಿಡದ ಮೂರು ಕಡ್ಡಿ, ಎಡಕ್ಕೆ ವಂಜಿ ಮರದ ಎರಡು ರೆಂಬೆ. ಎಡಗೈಯಲ್ಲಿ ಮಾದಳ. ಎರಡು ಕೈಯನ್ನೂ ಸೇರಿಸಿ ಸ್ತೋತ್ರ ಹೇಳಿ ಆರು ದಿಕ್ಕಿಗೂ ಅಲುಗಿಸಿದರೆ ಆ ವರ್ಷಕ್ಕೆ ಮನುಷ್ಯ ಮನುಷ್ಯನಾದ ಹಾಗೆ.

ವಂಜಿಯನ್ನು ಒದಗಿಸುವವನೂ ನಾನೇ. ನಮ್ಮೂರಿನ ಹೊಳೆದಂಡೆಯಲ್ಲಿ ಅದು ಕಳೆಯ ಹಾಗೆ ಬೆಳೆಯುತ್ತದೆ; ಕುಯ್ದ ಮಾರನೆಯ ದಿನಕ್ಕೆ ಬಾಡುತ್ತದೆ. ಹಬ್ಬದ ಏಳು ದಿನವೂ ಹೊಸದು ಬೇಕು.

ಹಬ್ಬದ ಹಿಂದಿನ ಶನಿವಾರ, ಶಬ್ಬತ್ತಿನಲ್ಲಿ, ನಮ್ಮ ಗುರು ರಬ್ಬಿ ನಫ್ತಾಲಿ ಪ್ರತಿ ವರ್ಷವೂ ಅದೇ ಮಾತು ಹೇಳುತ್ತಾರೆ. ಮಾದಳಕ್ಕೆ ರುಚಿಯೂ ಇದೆ, ಕಂಪೂ ಇದೆ. ಅದು ವಿದ್ಯೆಯೂ ಸತ್ಕಾರ್ಯವೂ ಇರುವವರ ಹಾಗೆ. ಖರ್ಜೂರಕ್ಕೆ ರುಚಿ ಇದೆ, ಕಂಪಿಲ್ಲ. ಓದಿದ್ದಾರೆ, ಕೈ ಬಿಚ್ಚುವುದಿಲ್ಲ. ಹದಸ್‌ಗೆ ಕಂಪಿದೆ, ರುಚಿಯಿಲ್ಲ. ಕೈ ಬಿಚ್ಚುತ್ತಾರೆ, ಓದಿಲ್ಲ. ವಂಜಿಗೆ ರುಚಿಯೂ ಇಲ್ಲ, ಕಂಪೂ ಇಲ್ಲ. ಈ ಮಾತು ಬಂದಾಗ ಮಂದಿರದ ಅಷ್ಟೂ ತಲೆ ಬಾಗಿಲ ಬಳಿಯ ಬೆಂಚಿನ ಕಡೆಗೆ ತಿರುಗುತ್ತದೆ. ಅಲ್ಲಿ ಕೂರುವವನು ನಾನು. ನಾನು ಎದ್ದು ನಿಂತು ತಲೆಬಾಗುತ್ತೇನೆ. ಯಾಕೆಂದರೆ ರಬ್ಬಿ ಅಲ್ಲಿಗೆ ನಿಲ್ಲಿಸುವುದಿಲ್ಲ: ವಂಜಿ ಇಲ್ಲದ ಕಟ್ಟು ಕಟ್ಟೇ ಅಲ್ಲ, ಅದನ್ನು ಹಿಡಿದವನಿಗೆ ಫಲವಿಲ್ಲ ಎನ್ನುತ್ತಾರೆ. ಅಂದರೆ ಇಡೀ ವೆರ್ಬೊವ್ಕಾ ನಿಂತಿರುವುದು ನನ್ನ ಮೇಲೆ. ಇದು ನನ್ನ ಬಡಾಯಿಯಲ್ಲ, ಶಾಸ್ತ್ರ.

ಆ ವರ್ಷ ಅವರು ಇನ್ನೊಂದು ಮಾತನ್ನೂ ಸೇರಿಸಿದರು. ಸುಳಿಗರಿ ಬೆನ್ನೆಲುಬಿನ ಹಾಗಿದೆ, ಹದಸ್ ಎಲೆ ಕಣ್ಣಿನ ಹಾಗೆ, ವಂಜಿ ಎಲೆ ತುಟಿಯ ಹಾಗೆ, ಮಾದಳ ಹೃದಯದ ಹಾಗೆ. ಒಬ್ಬ ಮನುಷ್ಯನನ್ನೇ ಬಿಡಿಬಿಡಿಯಾಗಿ ತಂದು ಎರಡು ಕೈಯಲ್ಲಿ ಜೋಡಿಸುತ್ತೇವೆ ಎಂದರು. ವಂಜಿ ಎಂದರೆ ಬಾಯಿ ಎಂದಾಗ ತಲೆಗಳು ಮತ್ತೆ ನನ್ನ ಕಡೆ ತಿರುಗಿದವು. ಈ ಸಲ ನಗುವೂ ಕೇಳಿತು.

ಈಗ ಮಗಳ ವಿಷಯ. ಇದಕ್ಕೂ ಕಥೆಗೂ ಸಂಬಂಧವಿಲ್ಲ, ಸುಮ್ಮನೆ ಹೇಳುತ್ತಿದ್ದೇನೆ.

ನನ್ನ ಮಗಳು ಎಟ್ಟೆಲ್ ಊರಿನಿಂದ ಎರಡು ಮೈಲಿ ದೂರದ ಗಿರಣಿಯ ಹತ್ತಿರ ಇದ್ದಾಳೆ; ಗಂಡ ಅಲ್ಲಿ ಹಿಟ್ಟು ಬೀಸುತ್ತಾನೆ. ಆ ವರ್ಷ ಅವಳಿಗೆ ಏಳು ತಿಂಗಳು ತುಂಬಿತ್ತು. ಮೂರನೆಯ ಬಸಿರು. ಮೊದಲೆರಡು ಸಲವೂ ಮಗು ಉಸಿರಿಲ್ಲದೆ ಹುಟ್ಟಿತ್ತು. ಇದರಲ್ಲಿ ನಾನು ಏನನ್ನೂ ಸೇರಿಸುವುದಿಲ್ಲ. ಸೂಲಗಿತ್ತಿ ಅವಳನ್ನು ಗಾಡಿ ಹತ್ತಕೂಡದು, ಬಿಂದಿಗೆ ಎತ್ತಕೂಡದು ಎಂದು ಕೂರಿಸಿದ್ದಳು.

ಮಾದಳದ ತೊಟ್ಟಿನ ಎದುರು ತುದಿಯಲ್ಲಿ, ಹೂವಾಗಿದ್ದ ಕಾಲದಿಂದ ಉಳಿದುಕೊಂಡ ಒಂದು ಪುಟ್ಟ ಕಡ್ಡಿ ಇರುತ್ತದೆ. ಲವಂಗದಷ್ಟು ಗಾತ್ರ. ನಮ್ಮವರು ಅದಕ್ಕೆ ತುದಿಮೊಗ್ಗು ಎನ್ನುತ್ತಾರೆ. ಹಬ್ಬದ ಏಳನೆಯ ದಿನ ಹಣ್ಣಿನ ಕೆಲಸ ಮುಗಿದ ಮೇಲೆ ಬಸುರಿಯರು ರಬ್ಬಿಯ ಮನೆಗೆ ಹೋಗುತ್ತಾರೆ. ಆ ಮೊಗ್ಗನ್ನು ಹಲ್ಲಿನಿಂದ ಕಚ್ಚಿ ಮುರಿದು, ಮೊದಲ ತಾಯಿ ಹವ್ವ ಹಣ್ಣಿಗೆ ಅವಸರಪಟ್ಟಳು, ನಾನು ಏಳು ದಿನ ಕಾದೆ, ಅವಳಿಗೆ ಬಂದ ನೋವು ನನಗೆ ಬಾರದಿರಲಿ ಎಂದು ಬೇಡಿಕೊಂಡರೆ ಹೆರಿಗೆ ಹಗುರ, ಮಗು ಗಟ್ಟಿ. ಆದರೆ ಹಣ್ಣು ಒಂದು, ಮೊಗ್ಗು ಒಂದು, ಬಸುರಿಯರು ಏಳೆಂಟು ಜನ. ಮಂದಿರದ ಪೂರ್ವದ ಗೋಡೆಗೆ ಒರಗಿ ಕೂರುವವರ ಮನೆಯ ಹೆಂಗಸರು ಮೊದಲು. ಬಾಗಿಲ ಬಳಿಯ ಬೆಂಚಿನವನ ಮಗಳು ಕೊನೆಗೆ. ಎರಡು ವರ್ಷವೂ ಮೊಗ್ಗು ಮರದ ವ್ಯಾಪಾರಿ ರೆಬ್ ಆನ್ಶೆಲರ ಸೊಸೆಯ ಪಾಲಾಯಿತು. ಎಟ್ಟೆಲ್‌ಗೆ ಸಿಕ್ಕಿದ್ದು ಸಿಪ್ಪೆ.

ಇರಲಿ. ಕಥೆಗೆ ಬರೋಣ.

ಹಬ್ಬದ ಮುನ್ನಾದಿನ ಬೆಳಿಗ್ಗೆ ನಾನು ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆದುಕೊಂಡೆ. ರೈಲಿನವನು ಅದನ್ನು ನನ್ನ ಕೈಗಿಡುವ ಮುಂಚೆ ಟೋಪಿ ತೆಗೆದ. ಇಂಜಿನ್ನೂ ಗೌರವಕ್ಕೆ ಹೊಗೆ ಬಿಡುವುದನ್ನು ನಿಲ್ಲಿಸಿತು. ಪೆಟ್ಟಿಗೆಯನ್ನು ಕುರಿಚರ್ಮದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ದಾರಿಯಲ್ಲಿ ಮೊದಲು ಸ್ಮಶಾನ ಸಿಗುತ್ತದೆ, ಆಮೇಲೆ ಗಿರಣಿ, ಆಮೇಲೆ ಊರು. ಸ್ಮಶಾನದಲ್ಲಿ ಆದದ್ದನ್ನು ಆಗಲೇ ಹೇಳಿದೆ. ಗಿರಣಿಯ ಹತ್ತಿರ ಕುದುರೆಗಳಿಗೆ ನೀರು ಕುಡಿಸಲು ನಿಂತೆ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಸಕ್ಕರೆಯ ಹರಳು ನಾಲಿಗೆಯ ಮೇಲೆ ಕರಗುವುದರೊಳಗೆ ಮತ್ತೆ ಗಾಡಿ ಹತ್ತಿದ್ದೆ. ಹೊಳೆಯ ಹತ್ತಿರ ಇಳಿದು ವಂಜಿ ಕುಯ್ದೆ. ಹದಿನೆಂಟು ಗಾಡಿ ತುಂಬುವಷ್ಟು. ಹೋಗಲಿ, ಒಂದು ಹೊರೆ.

ರಬ್ಬಿಯ ಹಿತ್ತಲಲ್ಲಿ ಆಗಲೇ ಚಪ್ಪರ ಎದ್ದಿತ್ತು. ಮೂರು ಕಡೆ ಹಲಗೆ, ಮೇಲೆ ಪೈನ್ ರೆಂಬೆಗಳ ಮುಚ್ಚಿಗೆ. ಊರಿನ ಗಂಡಸರೆಲ್ಲ ಅಲ್ಲಿ ಸೇರಿದ್ದರು. ಹೆಂಗಸರು ಬೇಲಿಯ ಆಚೆ. ಬ್ರೈನಾ ಕೂಡ ಒಲೆಯ ಮೇಲೆ ಸಾರಿಟ್ಟು ಬಂದು ನಿಂತಿದ್ದಳು. ಯೋನ ಪೆಟ್ಟಿಗೆ ತೆರೆದ, ನಾರು ಬಿಡಿಸಿದ, ಬಿಡಿಸಿದವನು ಹಾಗೆಯೇ ನಿಂತ. ಅವನ ಮುಖ ನೋಡಿ ನಾನೂ ನನ್ನ ಮುಖವನ್ನು ಹಾಗೆಯೇ ಮಾಡಿಕೊಂಡೆ.

ರಬ್ಬಿಗೆ ಎರಡು ಕಣ್ಣಲ್ಲೂ ಪೊರೆ. ಅವರು ಹಣ್ಣನ್ನು ಕೈಗೆ ತೆಗೆದುಕೊಂಡು, ಕೂಸಿನ ನೆತ್ತಿ ಮುಟ್ಟಿ ನೋಡುವ ಹಾಗೆ ಹೆಬ್ಬೆರಳಿನಿಂದ ಸವರಿದರು. ತುದಿಗೆ ಬಂದಾಗ ಬೆರಳು ನಿಂತಿತು.

"ಮೊಗ್ಗೆಲ್ಲಿ?" ಎಂದರು.

ಇಲ್ಲಿ ಶಾಸ್ತ್ರ ಹೇಳಬೇಕು. ಮರದಲ್ಲಿದ್ದಾಗಲೇ ಮೊಗ್ಗು ತಾನಾಗಿ ಉದುರಿದ ಮಾದಳ ಶುದ್ಧ. ಅದು ಬೆಳೆದದ್ದೇ ಹಾಗೆ, ಅದರಲ್ಲಿ ಕೊರತೆಯಿಲ್ಲ. ಮೊಗ್ಗಿದ್ದು ಆಮೇಲೆ ಮುರಿದುಹೋದರೆ ಊನ. ಊನವಾದ ಹಣ್ಣಿನ ಮೇಲೆ ಹಬ್ಬದ ಮೊದಲೆರಡು ದಿನ ಸ್ತೋತ್ರ ಹೇಳುವ ಹಾಗಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಬೋಳು ತುದಿಯೇ. ಬೇರೆ ಹಣ್ಣು ತರಿಸೋಣವೆಂದರೆ ಸೂರ್ಯ ಮುಳುಗಿದರೆ ಹಬ್ಬ ಶುರು, ಅದಕ್ಕೆ ಐದು ತಾಸು ಉಳಿದಿತ್ತು, ಒಡೆಸ್ಸಾ ಎರಡು ದಿನದ ದಾರಿ.

ಗಾಯದ ಗುರುತು ನೋಡಿ ಹೇಳಬಹುದು ಎಂದು ಕಣ್ಣಿದ್ದವರೆಲ್ಲ ಬಗ್ಗಿದರು. ರೆಬ್ ಆನ್ಶೆಲ್ ಮೂಗಿನ ಮೇಲೆ ಕನ್ನಡಕ ಏರಿಸಿ, ಒಣಗಿದ ಹಳೆಯ ಗುರುತು, ಮರದಲ್ಲೇ ಉದುರಿದೆ ಎಂದರು. ಮರದ ವಿಷಯ ತಮಗೆ ಗೊತ್ತು ಎಂದೂ ಸೇರಿಸಿದರು. ಯೋನ ಹಸಿಯಾಗಿದೆ ಎಂದ. ಆನ್ಶೆಲ್ ಅವನನ್ನು ನೋಡಿದರು. ಯೋನ, ಹಸಿ ಎಂದರೆ ಅಷ್ಟೇನೂ ಹಸಿಯಲ್ಲ ಎಂದ. ಆಮೇಲೆ ಊರಿಗೆ ಊರೇ ಎರಡು ಪಕ್ಷವಾಗಿ, ಕಡಲೆಕಾಳಿನಷ್ಟು ಜಾಗದ ಬಗ್ಗೆ ಎರಡು ರಾಜ್ಯಗಳು ಕಾದಾಡುವ ಹಾಗೆ ಕಾದಾಡಿತು.

ರಬ್ಬಿ ಕೈ ಎತ್ತಿ, ತಮಗೆ ಕಾಣುವುದಿಲ್ಲ, ಕಾಣುವವರು ಒಪ್ಪುವುದಿಲ್ಲ, ಇನ್ನು ತಂದವನನ್ನು ಕೇಳುವುದೊಂದೇ ದಾರಿ ಎಂದರು. ಗದ್ದಲ ನಿಂತಿತು. ಆಮೇಲೆ ಯಾರೋ ಹಿಂದಿನಿಂದ, "ಗೆಟ್ಸೆಲ್‌ನಾ? ಅದಕ್ಕಿಂತ ಅವನ ಕುದುರೇನ ಕೇಳೋದು ವಾಸಿ" ಎಂದ.

ಸಾಮಾನ್ಯ ಸುಳ್ಳುಗಾರನಾಗಿದ್ದರೆ 'ಬಂದದ್ದೇ ಹಾಗೆ' ಎಂದು ಎರಡು ಪದದಲ್ಲಿ ಮುಗಿಸುತ್ತಿದ್ದ. ನಾನು ಸಾಮಾನ್ಯನಲ್ಲ. ಅಷ್ಟು ಕಿವಿಗಳು ನನ್ನ ಕಡೆ ತಿರುಗಿದ್ದು ಅದೇ ಮೊದಲು. ಎರಡು ಪದ ಸುರಿದು ಅವನ್ನು ಖಾಲಿ ಬಿಡುವುದು ನನ್ನಿಂದಾಗಲಿಲ್ಲ. ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಹೇಳಲು ಶುರು ಮಾಡಿದೆ. ಕಮರಿಯ ತಿರುವಿನಲ್ಲಿ ಮಂದಿರದ ಛಾವಣಿಯಷ್ಟು ರೆಕ್ಕೆಯ ಹದ್ದೊಂದು ಇಳಿಯಿತು, ಅದರ ನೆರಳಿಗೆ ಮೂರು ಹಳ್ಳಿಗಳಲ್ಲಿ ಕೋಳಿಗಳು ಗೂಡು ಸೇರಿದವು, ಹಣ್ಣಿನ ಕಂಪಿಗೆ ಮರುಳಾಗಿ ಅದು ಪೆಟ್ಟಿಗೆಯನ್ನೇ ಕೊಕ್ಕಿನಿಂದ ಬಿಚ್ಚಿತು, ನಾನು ಚಾಟಿ ಬೀಸಿದೆ, ಅದು ನನ್ನ ಚಾಟಿಯನ್ನೇ ಕಸಿದುಕೊಂಡು ನನಗೇ ಬೀಸಿತು, ನಾವಿಬ್ಬರೂ ಒಂದು ತಾಸು ಉರುಳಾಡಿದೆವು, ಕೊನೆಗೆ ಹಣ್ಣು ನನ್ನ ಕೈಯಲ್ಲಿ ಉಳಿಯಿತು, ಮೊಗ್ಗು ಅದರ ಕೊಕ್ಕಿನಲ್ಲಿ ಹೋಯಿತು.

ರೆಬ್ ಆನ್ಶೆಲ್ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಆಗ ನನಗೆ ಹೊಳೆಯಿತು, ದಾರಿಯಲ್ಲಿ ಹೋದ ಮೊಗ್ಗು ಎಂದರೆ ಊನವಾದ ಹಣ್ಣು. ಹದ್ದಿನ ಬೆನ್ನೇರಿ ನಾನು ಊರಿನ ಹಬ್ಬವನ್ನೇ ಹಾಳುಮಾಡಿದ್ದೆ. ಬೇಲಿಯಾಚೆ ಹೆಂಗಸರ ಮುಖ ಬೂದಿಯಾಗಿತ್ತು.

ನಾನು ಹದ್ದನ್ನು ಹಿಂದಕ್ಕೆ ಹಾರಿಸಿದೆ. ಅದು ಬಂದದ್ದು ಕಮರಿಗಲ್ಲ, ಕೊರ್ಫುವಿಗೆ. ಹಣ್ಣು ಆಗ ಇನ್ನೂ ಮರದಲ್ಲಿತ್ತು, ಎಳೆಗಾಯಿ. ಮೊಗ್ಗು ಅಲ್ಲೇ ಹೋಯಿತು, ಗಾಯ ಅಲ್ಲೇ ಮಾಯಿತು ಎಂದೆ.

"ಆಗ ನೀನೂ ಕೊರ್ಫುನಲ್ಲಿದ್ಯಾ, ಚಾಟಿ ಹಿಡ್ಕೊಂಡು?" ಎಂದು ಯೋನ ಕೇಳಿದ.

ಬೇಲಿಯ ಕಡೆಯಿಂದ ಬ್ರೈನಾಳ ದನಿ ಬಂತು. "ಅವ್ರು ನಿನ್ನೆ ನಿಲ್ದಾಣಕ್ಕೆ ಹೊರಡೋಕೇ ಮೂರು ಸಲ ದಾರಿ ತಪ್ಪಿದ್ರು. ಕೊರ್ಫುಗೆ ಹೋಗಿದ್ರೆ ನನಗೆ ಗೊತ್ತಾಗ್ತಿತ್ತು."

ಜನ ನಕ್ಕರು. ರಬ್ಬಿ ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಮೇಜಿನ ಎದುರು ನಿಲ್ಲಿಸಿಕೊಂಡರು. ಆಣೆ ಬೇಡ, ಹದ್ದೂ ಬೇಡ ಎಂದರು. ಪೆಟ್ಟಿಗೆ ನನ್ನ ಕೈ ಸೇರಿದಾಗ ಮೊಗ್ಗು ಇತ್ತೋ ಇರಲಿಲ್ಲವೋ, ಅಷ್ಟು ಸಾಕು.

ನಾನು, "ಬಂದದ್ದೇ ಹಾಗೆ, ರಬ್ಬಿಗಳೇ" ಎಂದೆ.

ನನ್ನ ಬದುಕಿನಲ್ಲೇ ಅಷ್ಟು ಗಿಡ್ಡ ಸುಳ್ಳನ್ನು ನಾನು ಹೇಳಿರಲಿಲ್ಲ. ರಬ್ಬಿ ಗಡ್ಡ ನೀವಿಕೊಂಡರು. ಆಮೇಲೆ, ಮಡಿ ಮೈಲಿಗೆಯ ವಿಷಯದಲ್ಲಿ ಒಬ್ಬ ಮನುಷ್ಯನ ಮಾತು ಸಾಕೆಂದು ಹಿರಿಯರು ಹೇಳಿದ್ದಾರೆ, ಆ ಒಬ್ಬ ಮನುಷ್ಯ ಗೆಟ್ಸೆಲ್ ಆಗಿರಬಾರದು ಎಂದು ಎಲ್ಲಿಯೂ ಬರೆದಿಲ್ಲ ಎಂದರು. ಅವನ ಮಾತನ್ನು ನಂಬಿದ್ದೇನೆ, ಹಣ್ಣು ಶುದ್ಧ, ಎಂದರು.

ಊರು ಉಸಿರು ಬಿಟ್ಟಿತು. ಜನ ನನ್ನ ಬೆನ್ನು ತಟ್ಟಿದರು. ರೆಬ್ ಆನ್ಶೆಲ್ ತಮ್ಮ ನಶ್ಯದ ಡಬ್ಬಿ ಮುಂದೆ ಚಾಚಿದರು, ಹಿಂದೆಂದೂ ಚಾಚಿದವರಲ್ಲ. ನಾನು ಎಡಗೈಯಿಂದ ತೆಗೆದುಕೊಂಡೆ. ಐವತ್ತೆರಡು ವರ್ಷ ಈ ಬಾಯಿಂದ ಏನೇನೋ ಹೊರಟಿದೆ, ಒಂದನ್ನೂ ಯಾರೂ ನಂಬಿರಲಿಲ್ಲ. ನಂಬುವುದಿಲ್ಲ ಎಂಬ ಧೈರ್ಯದಿಂದಲೇ ನಾನು ಹೇಳುತ್ತಿದ್ದದ್ದು. ಆ ನಶ್ಯ ಮೂಗಿಗೆ ಹತ್ತಲೇ ಇಲ್ಲ.

ಯೋನ ಖರ್ಜೂರದ ಸುಳಿಗೆ ಹದಸ್ ಕಡ್ಡಿಗಳನ್ನು, ನನ್ನ ವಂಜಿ ರೆಂಬೆಗಳನ್ನು ಜೋಡಿಸಿ ಕಟ್ಟುತ್ತಿದ್ದ. ಅಷ್ಟರಲ್ಲಿ ಹಿತ್ತಲ ಬಾಗಿಲ ಹತ್ತಿರ ಗಿರಣಿಯ ಹಿಟ್ಟಿನ ಗಾಡಿ ಬಂದು ನಿಂತಿತು. ಮೂಟೆಗಳ ಮೇಲೆ, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಎಟ್ಟೆಲ್ ಕೂತಿದ್ದಳು. ಬ್ರೈನಾ, ಗಾಡಿ ಹತ್ತಬೇಡ ಅಂದಿರಲಿಲ್ವೇನೇ ಎಂದು ಬೈಯುತ್ತಲೇ ಓಡಿ ಹೋಗಿ ಇಳಿಸಿಕೊಂಡಳು. ಎಟ್ಟೆಲ್ ತಾಯಿಯ ಮಾತಿಗೂ ನಿಲ್ಲದೆ ನೇರ ಚಪ್ಪರಕ್ಕೆ ಬಂದಳು. ನನ್ನನ್ನು ನೋಡಿ ನಕ್ಕಳು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಅವಳು ಅದನ್ನು ಚೆನ್ನಾಗಿದ್ದೀಯಾ ಎಂದು ಕೇಳಿದ ಹಾಗೆ ತಿಳಿದು ತಾನೂ ತಲೆಯಾಡಿಸಿದಳು.

ರಬ್ಬಿಯ ಎದುರು ನಿಂತು ಸೊಂಟದ ಕರವಸ್ತ್ರ ಬಿಚ್ಚಿದಳು.

"ರಬ್ಬಿಗಳೇ, ನೀವು ಕಳಿಸಿದ್ದನ್ನ ಅಪ್ಪ ತಂದ್ಕೊಟ್ರು. ನನ್ನನ್ನ ನೆನೆಸ್ಕೊಂಡ್ರಲ್ಲ, ಅದಕ್ಕೇ ಬಂದೆ, ಇಲ್ಲಾಂದ್ರೆ ಮನಸ್ಸು ತಡೀತಿರಲಿಲ್ಲ. ಅಪ್ಪ ಈಗಲೇ ಕಚ್ಚಿಬಿಡು ಅಂದ್ರು. ನಾನು ಕಚ್ಚಲಿಲ್ಲ. ಏಳು ದಿನ ಕಾಯ್ಬೇಕು ಅಲ್ವಾ? ಅವಸರಪಟ್ರೆ ಹವ್ವ ಮಾಡಿದ್ದನ್ನೇ ನಾನೂ ಮಾಡ್ದಂಗೆ ಆಗುತ್ತೇನೋ ಅಂತ ಕೇಳ್ಕೊಂಡು ಹೋಗೋಣ ಅಂತ."

ಕರವಸ್ತ್ರದ ನಡುವೆ ಮೊಗ್ಗು ಕೂತಿತ್ತು. ಲವಂಗದಷ್ಟು ಗಾತ್ರ.

ಚಪ್ಪರದ ಮೇಲಿನ ಪೈನ್ ರೆಂಬೆಗಳಿಂದ ಎರಡು ಮೂರು ಸೂಜಿ ಎಲೆ ಉದುರಿ ಮೇಜಿನ ಮೇಲೆ ಬಿದ್ದವು. ರಬ್ಬಿ ಕೈ ಚಾಚಿದರು. ಎಟ್ಟೆಲ್ ಮೊಗ್ಗನ್ನು ಅವರ ಅಂಗೈಗೆ ಹಾಕಿದಳು. ಅವರು ಅದನ್ನು ಹಣ್ಣಿನ ತುದಿಗೆ ಒತ್ತಿ ನೋಡಿದರು. ಅದು ಕಳಚಿಟ್ಟ ಮುಚ್ಚಳ ಡಬ್ಬಿಗೆ ಕೂರುವ ಹಾಗೆ ಕೂತಿತು. ಅದಕ್ಕೆ ಕಣ್ಣು ಬೇಕಿರಲಿಲ್ಲ.

ಕಾಯಬೇಕಾದದ್ದು ಸರಿ ಎಂದು ಅವರು ಎಟ್ಟೆಲ್‌ಗೆ ಹೇಳಿದರು. ಮೊಗ್ಗು ಹಣ್ಣಿನ ಜೊತೆಗೇ ನಾರಿನಲ್ಲಿ ಇರಲಿ, ಏಳನೆಯ ದಿನ ಬಂದು ತೆಗೆದುಕೊಳ್ಳಲಿ; ತನ್ನದನ್ನು ತಾನೇ ತಂದು ಒಪ್ಪಿಸಿದವಳು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ ಎಂದರು. ರೆಬ್ ಆನ್ಶೆಲ್ ಬಾಯಿ ತೆರೆದರು. ಬೇಲಿಯ ಆಚೆಯಿಂದ ಅವರ ಹೆಂಡತಿ, "ನೀವು ಸುಮ್ನಿರಿ. ನಮ್ಮ ಸೊಸೆ ಐದು ಹೆತ್ತಿದ್ದಾಳೆ, ಆರನೇದು ಸಿಪ್ಪೆ ತಿಂದೇ ಹುಟ್ಲಿ" ಎಂದರು. ಆನ್ಶೆಲ್ ಬಾಯಿ ಮುಚ್ಚಿದರು.

ನೀವು ಉಸಿರು ಬಿಗಿಹಿಡಿದು ಕೂರುವುದು ಬೇಡ ಎಂದು ಇದನ್ನು ಇಲ್ಲೇ ಹೇಳಿಬಿಡುತ್ತೇನೆ: ಎರಡು ತಿಂಗಳು ಕಳೆದು, ಕಿಸ್ಲೇವ್ ತಿಂಗಳ ಕೊನೆಯಲ್ಲಿ, ನಮ್ಮವರ ದೀಪದ ಹಬ್ಬದ ಎರಡನೆಯ ದಿನ ಎಟ್ಟೆಲ್‌ಗೆ ಹೆಣ್ಣುಮಗು ಹುಟ್ಟಿತು. ಸಾಧಾರಣ ತೂಕ. ಸಾಧಾರಣವಾಗಿ ಅತ್ತಿತು.

ಆದರೆ ಅವತ್ತು ಮಧ್ಯಾಹ್ನ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಣ್ಣಿಗೆ ಊನ ಬಂದದ್ದು ಮಾತ್ರ ಗೊತ್ತಾಗಿತ್ತು. ಮೊದಲೆರಡು ದಿನ ಸ್ತೋತ್ರವಿಲ್ಲದೆ ಸುಮ್ಮನೆ ಹಿಡಿಯುವುದು, ಮೂರನೆಯ ದಿನದಿಂದ ಸ್ತೋತ್ರ ಹೇಳಬಹುದು ಎಂದು ರಬ್ಬಿ ತೀರ್ಪು ಬದಲಿಸಿದರು. ನೂರಿಪ್ಪತ್ತು ಮನೆಯವರು ಅದನ್ನು ಕೇಳಿಸಿಕೊಂಡರು. ಒಬ್ಬಳು ಮುದುಕಿ, ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂದಳು. ಅವಳು ಅದನ್ನು ನನಗೆಂದು ಹೇಳಲಿಲ್ಲ, ಸುಮ್ಮನೆ ಹೇಳಿದಳು.

ಎಟ್ಟೆಲ್ ಒಮ್ಮೆ ರಬ್ಬಿಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಅವಳ ಮುಖದ ಹಿಟ್ಟಿನ ಕೆಳಗೆ ಬಣ್ಣ ಬದಲಾಗುವುದು ಕಾಣುತ್ತಿತ್ತು.

ರಬ್ಬಿ ಯೋನನ ಕೈಯಿಂದ ಕಟ್ಟನ್ನು ತೆಗೆದುಕೊಂಡು ನನ್ನ ಕಡೆ ಚಾಚಿದರು. ಹಿಡಿಯಬೇಕಾದರೆ ಬಲಗೈ ಜೇಬಿನಿಂದ ಹೊರಗೆ ಬರಬೇಕು. ಬಂತು. ಎಡಗೈಗೆ ಅವರು ಮಾದಳ ಇಟ್ಟರು. ನನ್ನ ಬಲಗೈಯ ಹೆಬ್ಬೆರಳಿನ ಉಗುರಿನ ಕೆಳಗೆ ಹಳದಿ ಹತ್ತಿತ್ತು. ಕಂಪು ಮೂರು ಮಾರು ದೂರಕ್ಕೆ ಬಡಿಯುತ್ತಿತ್ತು. ಇದು ಅಳೆದು ಹೇಳಿದ್ದು. ಬ್ರೈನಾ ಅಷ್ಟು ದೂರದಲ್ಲೇ ನಿಂತಿದ್ದಳು, ಅವಳಿಗೂ ಬಡಿಯಿತು.

"ಶಬ್ಬತ್ ದಿನ ನಾನು ಹೇಳಿದ್ದು ಕೇಳಿಸ್ಕೊಂಡ್ಯೋ, ನಿದ್ದೆ ಮಾಡ್ತಿದ್ಯೋ?" ಎಂದರು ರಬ್ಬಿ. "ಈ ಕೈಲಿರೋದು ಹೃದಯ. ಆ ಕೈಲಿ, ಎಡಗಡೆ, ಬಾಯಿ. ನೀನೇ ಕುಯ್ದು ತಂದದ್ದು. ಎರಡನ್ನೂ ತಾಗಿಸಿ ಹಿಡ್ಕೊ. ಹಾಂ, ಹಾಗೆ. ಈಗ ಹೇಳು."

ನಾನು ಹದ್ದಿನ ಬಗ್ಗೆ ಯೋಚಿಸಿದೆ. ಕಮರಿಯ ಕಳ್ಳರ ಬಗ್ಗೆ ಯೋಚಿಸಿದೆ. ಒಬ್ಬ ದೇವದೂತನೂ ತಯಾರಾಗಿದ್ದ, ರೆಕ್ಕೆ ಸಮೇತ. ವಂಜಿಯ ಒಂದು ಎಲೆ ಹಣ್ಣಿನ ಬೋಳು ತುದಿಯನ್ನು ಮುಟ್ಟುತ್ತಿತ್ತು. ಬೆಳಿಗ್ಗೆ ಕುಯ್ದದ್ದು, ಆಗಲೇ ಬಾಡತೊಡಗಿತ್ತು.

"ನಾನೇ ಮುರಿದೆ, ರಬ್ಬಿಗಳೇ" ಎಂದೆ. "ಉಗುರಿನಲ್ಲಿ. ಎಟ್ಟೆಲ್‌ಗೆ ಏನೂ ಗೊತ್ತಿಲ್ಲ. ನೀವು ಕಳಿಸಿದ್ದು ಅಂತ ಅವಳಿಗೆ ಸುಳ್ಳು ಹೇಳಿದೆ."

ಯಾಕೆ ತಮ್ಮ ಹೆಸರು ಹೇಳಿದೆ ಎಂದು ರಬ್ಬಿ ಕೇಳಿದರು. ಅಪ್ಪ ಮಗಳಿಗೆ ಕೊಡುವುದಕ್ಕೆ ರಬ್ಬಿಯ ಹೆಸರು ಯಾಕೆ?

"ನಾನು ಕೊಟ್ಟೆ ಅಂದ್ರೆ ನಂಬ್ತಿರ್ಲಿಲ್ಲ. ಈರುಳ್ಳಿ ಚೂರು ತಂದು ಮಾದಳದ್ದು ಅಂತಿದ್ದೀಯ ಅಂತಿದ್ಲು. ನಂಬದೇ ಕಚ್ಚಿದ್ರೆ ಏನು ಬಂತು?"

ಎಟ್ಟೆಲ್ ಏನೋ ಹೇಳಹೊರಟಳು. ಬ್ರೈನಾ ಅವಳ ತೋಳು ಹಿಡಿದಳು. ರಬ್ಬಿ ಇನ್ನೂ ನನ್ನ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು. ಪೊರೆ ಬಂದ ಕಣ್ಣು ಬೇರೆ ಕಡೆ ನೋಡುವುದಿಲ್ಲ, ಅದೇ ಅದರ ಕಷ್ಟ.

ಆಗ ಉಳಿದದ್ದನ್ನೂ ಹೇಳಿದೆ. ನಿಮಗೂ ಅದನ್ನೇ ಹೇಳುತ್ತಿದ್ದೇನೆ. ಒಂದೇ ಕುದುರೆ, ಅದಕ್ಕೆ ಒಂದು ಕಣ್ಣು ಮಂಜು. ನಿಲ್ದಾಣದಿಂದ ಬರುವಾಗ ಅದು ಸ್ಮಶಾನದ ಹತ್ತಿರ ತಾನಾಗಿ ನಿಂತಿತು, ಹೋದೆರಡು ವರ್ಷ ನಾನು ಅಲ್ಲಿ ನಿಲ್ಲಿಸುತ್ತಿದ್ದೆ, ಅದಕ್ಕೆ ರೂಢಿ. ಬೇಲಿಯ ಪಕ್ಕ ಹೆಸರಿಲ್ಲದ ಎರಡು ಸಣ್ಣ ದಿಬ್ಬಗಳಿವೆ. ನಾನು ಇಳಿದು ಹೋಗಿ ಅವುಗಳ ನಡುವೆ ಪೆಟ್ಟಿಗೆ ಇಟ್ಟು ಮುಚ್ಚಳ ತೆರೆದೆ. ಒಳ್ಳೆಯ ಕಂಪಿತ್ತು. ನಾನೇ ಸ್ತೋತ್ರ ಹೇಳಿದೆ, ಆಮೆನ್ ಅನ್ನಲು ಬೇರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದೆ.

ಯಾರೂ ಏಳಲಿಲ್ಲ. ಮೊಗ್ಗು ಮುರಿದದ್ದು ಆಮೇಲೆ.